ನಮ್ಮವ್ವನ ಹೆಸರಿನ ಸಾರು

ನಾನು ಸಣ್ಣವಳಿದ್ದಾಗ ವಾಗದರಿ ಹಳ್ಳಿಯ ನಮ್ಮ ಓಣಿಯಲ್ಲಿ ಯಾರ ಮನೆಯ ಒಲೆ ಹೊತ್ತಿಲ್ಲವೆಂಬುದು ಇಡೀ ಓಣಿಗೆ ತಿಳಿಯುತ್ತಿತ್ತು. ಒಂದು ರಂಜಾನಿನಲ್ಲಿ ಎದುರು ಮನೆಯ ಗಂಗಾಯಿಯ ಒಲೆ ತಣ್ಣಗಿತ್ತು. ಕುರಿ ಹೊಡೆದುಕೊಂಡು ಹೋದ ಮಗ ಮರಳಿರಲಿಲ್ಲ; ಜೊತೆಗೆ ತಾಯಿಯಿಲ್ಲದ ಮೊಮ್ಮಗಳು ಶಾಂತಿ. ಗಂಗಾಯಿ ಕೇಳುವವಳಲ್ಲ. ಕೇಳದೆ ಕೊಟ್ಟರೆ ಬೈಯುವವಳು.

ನಮ್ಮ ಬಾಜೂ ಮನೆ ಜೈನಬ್ ಖಾಲಾಳದು; ಚಿಕ್ಕಮ್ಮನಂಥ ಆಕೆಯ ಮನೆಯಲ್ಲೇ ನನ್ನ ಊಟ ಹೆಚ್ಚು. ಅಲ್ಲಿ ಅನ್ನದ ಕಾನೂನು ಕಲೆಕ್ಟರ್ ಕಚೇರಿಗಿಂತ ಬಿಗಿ. ಬಿದ್ದ ತುತ್ತನ್ನು ಒರೆಸಿ ತಿನ್ನಬೇಕು, ತಾಟನ್ನು ಬೆರಳಿನಿಂದ ಬಳಿದು ನೆಕ್ಕಬೇಕು. "ಯಾ ಅಗಳಿನಾಗ ದೇವರ ಬರಕತ್ ಐತೋ ನಿನಗೇನ್ ಗೊತ್ತ? ಅನ್ನ ಚೆಲ್ಲಿದಾಕಿ ಶೈತಾನನ ತಂಗಿ" ಎನ್ನುತ್ತಿದ್ದಳು. ಆ ಸಂಬಂಧ ನಮ್ಮ ಮನೆತನಕ್ಕೆ ಒಗ್ಗದೆಂದು ನಾನು ಎಷ್ಟು ನೆಕ್ಕುತ್ತಿದ್ದೆನೆಂದರೆ, ಬೆಕ್ಕು ನನ್ನ ತಾಟು ಮೂಸಿ ನಿಟ್ಟುಸಿರಿಟ್ಟು ಹೋಗುತ್ತಿತ್ತು.

ಸಂಜೆ ರೋಜಾದ ಉಪವಾಸ ಬಿಡುವ ಮೊದಲು ಖಾಲಾ ಬ್ಯಾಳಿ ಸಾರಿಗೆ ಒಂದು ತಂಬಿಗೆ ನೀರು ಹೆಚ್ಚಿಗೆ ಸುರಿಯುತ್ತಿದ್ದಳು.

"ತೆಳ್ಳಗ ಆತಲ್ಲ ಖಾಲಾ?"

"ಆಗ್ಲಿ ಬೇಟಾ. ಎದುರ ಮನಿಯಾಕಿ ಉಪಾಸ ಇದ್ದಾಗ ನಾ ಹೊಟ್ಟಿ ತುಂಬ ಉಂಡ್ರ ಅದೆಂಥಾ ರೋಜಾ? ತಗೊ, ಗಂಗಾಯಿಗೆ ಕೊಡು. ನಮ್ಮವ್ವ ಕೊಟ್ಟಾಳ ಅನ್ನು. ನಿಮ್ಮವ್ವ ಅಕೀಗಿ ಸೊಸಿ ಇದ್ದಂಗ, ಬ್ಯಾಡ ಅನ್ನಂಗಿಲ್ಲ. ನನ್ನ ಹೆಸರ ತೆಗೀಬ್ಯಾಡ."

ಅವ್ವನಿಗೂ ಇದು ಗೊತ್ತಿತ್ತು. ಹದಿನೈದು ದಿನ ಈ ಸುಳ್ಳಿನ ಹುದ್ದೆಯನ್ನು ನಾನು ಸರಕಾರಿ ನೌಕರರಿಗೂ ಸಾಧ್ಯವಾಗದ ನಿಷ್ಠೆಯಿಂದ ನಿಭಾಯಿಸಿದೆ. ಹದಿನಾರನೆಯ ದಿನ ಕುಂಟಾಟದಲ್ಲಿ ಶಾಂತಿ ನನ್ನನ್ನು ಸೋಲಿಸಿದಳು. ಅದರ ಮೇಲೆ, "ಉಂಡುಂಡು ಡೊಳ್ಳ ಆಗೀದಿ, ಕುಂಟಾಕೂ ಬರಂಗಿಲ್ಲ" ಎಂದಳು.

"ನೀ ಯಾರದು ಉಣ್ಣಾಕತ್ತಿ ಗೊತ್ತೇನ? ಖಾಲಾ ದಾನ ಕೊಡ್ತಾಳ, ಅದಕ್ಕ ಬದುಕೀರಿ!"

ಕಟ್ಟೆಯ ಮೇಲೆ ಗಂಗಾಯಿ ಕೂತಿದ್ದಳು. ಎದ್ದು ಒಳಗೆ ಹೋದಳು.

ಅಂದು ಸಂಜೆ ಸಾರು ಒಯ್ದೆ. ಬಾಗಿಲು ತೆರೆಯಲಿಲ್ಲ. "ಉಂಡೀವಿ. ಒಯ್ಯವ್ವಾ" ಎಂಬ ದನಿ ಬಂತು. ಒಳಗೆ ಶಾಂತಿ ಅಳುತ್ತಿದ್ದಳು.

ನಾನು ನಡೆದದ್ದನ್ನು ಹೇಳಿದ ಮೇಲೆ ಖಾಲಾ ತಾನೇ ಹೋಗಿ ಬಾಗಿಲಲ್ಲಿ ನಿಂತಳು. "ಗಂಗಾಯಿ, ಸಣ್ಣ ಹುಡುಗಿ, ಬಾಯಿ ಬಿಟ್ಟಾಳ. ಇದು ನಿನ್ನ ಪಾಲು. ದೇವರು ನನ್ನ ಗಡಿಗ್ಯಾಗ ಇಟ್ಟಾನ, ಅಷ್ಟ." ಒಳಗಿನಿಂದ ಚಿಲಕ ಬಿದ್ದ ಸಪ್ಪಳ ಬಂತು. ಮರಳಿ ಬಂದು ಒಂದು ಖಜೂರ ಬಾಯಿಗೆ ಹಾಕಿಕೊಂಡಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಮೂರನೆಯ ದಿನ ಗಂಗಾಯಿ ಮೊಮ್ಮಗಳ ಕೈಹಿಡಿದು ಸೋಲಾಪುರದ ಬಸ್ಸು ಹತ್ತಿದಳು. ಬೀಡಿ ಕಟ್ಟಲು ಹೋದರೆಂದರು. ಶಾಂತಿಯ ಸಾಲಿ ಓದು ಅಲ್ಲಿಗೆ ಮುಗಿಯಿತು. ಅವರು ಮತ್ತೆ ಬರಲಿಲ್ಲ.

ಖಾಲಾ ಮಣ್ಣು ಸೇರಿ ಎಷ್ಟೋ ವರ್ಷವಾಯಿತು. ನಾನೀಗ ಸೋಲಾಪುರದಲ್ಲೇ ಇದ್ದೇನೆ. ಇಲ್ಲಿನ ಮದುವೆಯ ಮಂಗಲ ಕಾರ್ಯಾಲಯಗಳಲ್ಲಿ ಅರ್ಧ ಉಂಡ ತಾಟುಗಳನ್ನು ಡ್ರಮ್ಮಿಗೆ ಸುರಿಯುತ್ತಾರೆ. ಸುರಿದು ಮಿಕ್ಕಿದ್ದನ್ನು ಬಡವರಿಗೆ ಹಂಚಿ ನಮ್ಮೆಲ್ಲರ ಮೊಬೈಲಿಗೆ ಫೋಟೋ ಕಳಿಸುತ್ತಾರೆ. ಕೊಟ್ಟವರ ಹೆಸರು ಬ್ಯಾನರಿನಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ. ತೆಗೆದುಕೊಂಡವರಿಗೆ ಹೆಸರಿರುವುದಿಲ್ಲ. ನನ್ನ ವಯಸ್ಸಿನ ಹೆಂಗಸು ಕಂಡರೆ ಬೆರಳಿನಿಂದ ಫೋಟೋ ಹಿಗ್ಗಿಸಿ ಶಾಂತಿಯೇ ಎಂದು ನೋಡುತ್ತೇನೆ. ತಿಳಿಯುವುದಿಲ್ಲ. ಎಲ್ಲರೂ ಮುಖ ತಿರುಗಿಸಿ ನಿಂತಿರುತ್ತಾರೆ.