ಕಾಕಾನ ಬ್ರೆಡ್ಡು, ಊರಿನ ಜ್ವರ

ಇವತ್ತು ಬೆಳಿಗ್ಗೆ ನಾವಿರುವ ಬೀದರಿನ ಚಿದ್ರಿ ಬಡಾವಣೆಯ ಅಂಗಡಿಯಲ್ಲಿ ನಮ್ಮ ಶಿವರಾಜ ಕಾಕಾನ ಕಂಪನಿಯ ಬ್ರೆಡ್ಡು ಕೈಗೆತ್ತಿಕೊಂಡೆ. ಅಂಗಡಿಯವನು ಮರುಕದಿಂದ ಕೇಳಿದ: "ಯಾರಿಗಿ ಆರಾಮಿಲ್ರಿ ಮನ್ಯಾಗ?" ಎಲ್ಲರೂ ಚೆನ್ನಾಗಿದ್ದಾರೆ, ಕಾಕಾ ಬರುತ್ತಾರೆ ಅಷ್ಟೇ ಎಂದೆ. ಅವನು ನಂಬಲಿಲ್ಲ.

ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬೇಕು. ಗಟ್ಟಿಮುಟ್ಟಾಗಿದ್ದವರಿಗೆ ಜೋಳದ ರೊಟ್ಟಿ. ಬ್ರೆಡ್ಡೇನಿದ್ದರೂ ಜ್ವರ ಬಂದವರಿಗೆ. ಆಸ್ಪತ್ರೆಗೆ ಮಾತಾಡಿಸಲು ಹೋಗುವವರು ಒಂದು ಬ್ರೆಡ್ಡು, ಅರ್ಧ ಡಜನ್ ಬಾಳೆಹಣ್ಣು ಒಯ್ಯಲೇಬೇಕು. ಇಂಥ ಬೀದರಿನಲ್ಲಿ, ಗಾಂಧಿ ಗಂಜಿನ ಹಿಂದಿನ ಓಣಿಯಲ್ಲಿ, ಕಾಕಾ ಬೇಕರಿ ಹಾಕಿದ್ದರು. ಊರು ಆರೋಗ್ಯವಾಗಿದ್ದರೆ ಅವರ ಮುಖ ಸಪ್ಪೆ. ಅದಕ್ಕೆ ಅವರಿಗೇ ನಾಚಿಕೆಯಿತ್ತು. "ಆರಾಮ ಇದ್ದೋರು ನನ್ನ ಬ್ರೆಡ್ ತಿನ್ನೋದು ಒಮ್ಮಿ ನೋಡಬೇಕು," ಎನ್ನುತ್ತಿದ್ದರು.

ಆ ಹಟದಲ್ಲೇ ಭಾಲ್ಕಿಯ ಒಂದು ಮದುವೆಗೆ ಆಯೇರಿಯ ಉಡುಗೊರೆಯೆಂದು ಹಾಸಿಗೆದಿಂಬಿನಷ್ಟು ದೊಡ್ಡ ಬ್ರೆಡ್ಡು ಮಾಡಿಸಿದರು. ಹೊತ್ತವನು ನಾನೇ. ಮದುಮಗಳ ಅಜ್ಜಿ ಅದನ್ನು ನೋಡಿ, ನಮ್ಮ ಹುಡುಗಿಗೆ ಯಾವ ರೋಗವೂ ಇಲ್ಲ ಎಂದು ಮಂಟಪದಲ್ಲೇ ಜಗಳ ತೆಗೆದಳು. ಗಂಡಿನ ಕಡೆಯವರು ಹುಡುಗಿಯನ್ನು ಅನುಮಾನದಿಂದ ನೋಡತೊಡಗಿದರು. ನಾವು ಉಣ್ಣದೆ ಬಸ್ಸು ಹತ್ತಿದೆವು. ಹೊಟ್ಟೆ ಚುರುಗುಡುತ್ತಿತ್ತು, ತೊಡೆಯ ಮೇಲೆ ಬ್ರೆಡ್ಡೂ ಇತ್ತು, ಇಬ್ಬರೂ ಮುಟ್ಟಲಿಲ್ಲ.

ಕಾಕಾನ ದೆಸೆ ತಿರುಗಿಸಿದವನು ಔರಾದಿನ ಗಾರೆ ಕೆಲಸದ ಒಬ್ಬ ಗೌಂಡಿ. ದುಬೈಗೆ ಕೆಲಸಕ್ಕೆ ಹೊರಟವನು, ಜ್ವರ ಬಂದರೆ ಇರಲಿ ಎಂದು ನಾಲ್ಕು ಬ್ರೆಡ್ಡು ಒಯ್ದ. ಜ್ವರ ಬರಲಿಲ್ಲ. ಕೋಣೆಯ ಗೆಳೆಯರು ಅದನ್ನು ಚಹಾದಲ್ಲಿ ಅದ್ದಿ ತಿಂದು ಮುಗಿಸಿ, ಇನ್ನಷ್ಟು ಬೇಕೆಂದರು. ಕಾಕಾ ಅಲ್ಲಿಗೇ ಹೋಗಿ ಬ್ರೆಡ್ಡಿನ ಭಟ್ಟಿ ಹಾಕಿದರು. ಆಮೇಲೆ ಮಸ್ಕತ್, ಲಂಡನ್. ಈಗ ಅವರು ತಮ್ಮ ಭಟ್ಟಿಗಳಿರುವ ದೇಶಗಳನ್ನು ಎಣಿಸುವಾಗ, ಭೂಗೋಳದಲ್ಲಿ ಫೇಲಾದ ನಾನು ಸುಮ್ಮನೆ ತಲೆಯಾಡಿಸುತ್ತೇನೆ.

ಮಧ್ಯಾಹ್ನ ಕಾಕಾ ಬಂದರು. ಅಭಿಮಾನದಿಂದ ಚಹಾದ ಜೊತೆ ಅವರದೇ ಬ್ರೆಡ್ಡು ಇಟ್ಟೆ. ತಟ್ಟೆ ನೋಡಿ ಅವರು ಗಾಬರಿಯಾದರು.

"ಯಾಕೋ, ಯಾರಿಗಿ ಆರಾಮಿಲ್ಲ?"

ಕೇಳಿದ ಮೇಲೆ ತಟ್ಟೆಯ ಪಕ್ಕದಲ್ಲಿದ್ದ ಪೊಟ್ಟಣದ ಮೇಲಿನ ತಮ್ಮ ಹೆಸರು ಕಂಡಿತು. ನಾಚಿಕೊಂಡು, ಕುರ್ಚಿಯನ್ನು ಕಟ್ಟೆಗೆ ಹಾಕಿಸಿ, ಓಣಿಗೆಲ್ಲ ಕಾಣುವಂತೆ ಕೂತು ತಿನ್ನತೊಡಗಿದರು. ಎದುರುಮನೆಯ ಕಲಾವತಿಬಾಯಿ ನೋಡಿದವರೇ ಒಳಗೆ ಹೋಗಿ, ಅರ್ಧ ಡಜನ್ ಬಾಳೆಹಣ್ಣು ತಂದು ಅವರ ಮುಂದಿಟ್ಟು, ಲಗೂ ಗುಣವಾಗಲಿ ಎಂದು ಹಾರೈಸಿ ಹೋದರು.

"ದುಬೈ ಸಮೀಪ ಇತ್ತು," ಎಂದರು ಕಾಕಾ. "ಚಿದ್ರಿ ಭಾಳ ದೂರ ಅದ ನೋಡು."

ನಗುತ್ತಲೇ ಅಂದರು, ನನಗೆ ಮಾತ್ರ ಸಂಕಟವಾಯಿತು. ಪಕ್ಕದಲ್ಲಿ ಕೂತು ಒಂದು ತುಂಡು ಚಹಾದಲ್ಲಿ ಅದ್ದಿ ಬಾಯಿಗಿಟ್ಟೆ. ಚೆನ್ನಾಗಿತ್ತು. ಜ್ವರವಿಲ್ಲದೆ ನಾನು ಕಾಕಾನ ಬ್ರೆಡ್ಡು ತಿಂದದ್ದು ಅದೇ ಮೊದಲು, ಅವರಿಗೆ ಹೇಳಲಿಲ್ಲ. ಇನ್ನೊಂದಕ್ಕೆ ಕೈ ಚಾಚಿದಾಗ ಕಾಕಾ ತಿನ್ನುವುದನ್ನು ನಿಲ್ಲಿಸಿ, ತಟ್ಟೆಯನ್ನು ನನ್ನ ಕಡೆ ಸರಿಸಿ, ನಾನು ತಿನ್ನುವುದನ್ನೇ ನೋಡುತ್ತ ಕೂತರು.