ಕಾರ್ಡಿನಲ್ಲಿದ್ದ ಮಾತು ನನ್ನ ಬಾಯಲ್ಲಿ ಬರಲಿಲ್ಲ

ಎರಡು ವರ್ಷದ ಹಿಂದಿನ ಚಳಿಗಾಲ. ಪರದೇಶದ ಊರಾದ ಫೆಲ್ಥಮ್‌ನ ನಮ್ಮ ಫ್ಲಾಟಿನಲ್ಲಿ ನಾನು ಗೃಹಿಣಿಯಾಗಿ ಇಪ್ಪತ್ತು ವರ್ಷ ದಾಟಿತ್ತು. ಸಂಬಳವಿಲ್ಲ, ಆದರೂ ಅದು ಹುದ್ದೆಯೇ. ಆ ವರ್ಷ ಅದಕ್ಕೆ ಇನ್ನೊಂದು ಕೆಲಸ ಸೇರಿಕೊಂಡಿತು: ರೋಗಿಯ ಪಾತ್ರ ಮಾಡುವುದು.

ಮಗಳು ಮೇಘನಾ ಬಯೋಮೆಡಿಕಲ್ ಸೈನ್ಸ್ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಡಿಗ್ರಿ ಆದವರನ್ನು ಡಾಕ್ಟರ್ ಓದಿಗೆ ತೆಗೆದುಕೊಳ್ಳುವ ಕಾಲೇಜುಗಳು ಇಲ್ಲಿವೆ. ಸೀಟು ಕಡಿಮೆ, ವರ್ಷಕ್ಕೆ ನಾಲ್ಕೇ ಕಡೆ ಅರ್ಜಿ ಹಾಕಬಹುದು. ಎರಡು ಕಡೆ ಕರೆಯಲೇ ಇಲ್ಲ. ಮೂರನೆಯವರು ಇಂಟರ್ವ್ಯೂ ಮಾಡಿ, ಎದುರಿನವರ ಮಾತು ಮುಗಿಯುವ ಮೊದಲೇ ಪರಿಹಾರ ಹೇಳಿಬಿಡುತ್ತಾಳೆಂದು ಬೇಡವೆಂದರು. ಉಳಿದದ್ದು ಒಂದೇ. ಅದೊಂದಾದರೂ ಉಳಿಯಿತಲ್ಲ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಈ ಇಂಟರ್ವ್ಯೂ ಒಂದೇ ಕಡೆ ಕೂತು ಆಗುವಂಥದ್ದಲ್ಲ. ಒಂದೊಂದು ಕೋಣೆಯಲ್ಲಿ ಕೆಲವೇ ನಿಮಿಷ, ಬೆಲ್ ಆದರೆ ಮುಂದಿನ ಕೋಣೆ. ಒಂದರಲ್ಲಿ ರೋಲ್ ಪ್ಲೇ ಇರುತ್ತದೆ. ನಟರೊಬ್ಬರು ರೋಗಿಯೋ ರೋಗಿಯ ಮನೆಯವರೋ ಆಗಿ ಕೂತಿರುತ್ತಾರೆ, ಅವರ ಜೊತೆ ಹೇಗೆ ಮಾತಾಡುತ್ತೀರೆಂದು ಪರೀಕ್ಷಕರು ನೋಡುತ್ತಾರೆ. ಮೇಘನಾ ಅಭ್ಯಾಸಕ್ಕೆಂದು ಒಂದೊಂದು ಪಾತ್ರದ ವಿವರ ಬರೆದ ಕಾರ್ಡುಗಳನ್ನು ತಂದು ನನ್ನ ಕೈಗಿಟ್ಟಳು.

ಮೊದಲನೆಯ ಕಾರ್ಡಿನಲ್ಲಿ ನನ್ನ ಗಂಡನಿಗೆ ಕೆಟ್ಟ ಕಾಯಿಲೆ. ಹೊರಗೆ ಮುಸ್ಸಂಜೆ, ಒಳಗೆ ಆಗ ತಾನೇ ದೀಪ ಹಚ್ಚಿದ್ದೆ. ಇವರು ಏರ್‌ಪೋರ್ಟ್‌ನ ಕಾರ್ಗೋದಲ್ಲಿ ಶಿಫ್ಟಿನಲ್ಲಿದ್ದರು. ಅಸ್ತು ದೇವತೆಗಳು ಓಡಾಡುವ ಹೊತ್ತಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದುಂಟೇ? ಆಗಲ್ಲ ಎಂದೆ.

"ಅಮ್ಮ, ಇಟ್ಸ್ ಜಸ್ಟ್ ಆ್ಯಕ್ಟಿಂಗ್."

"ಅಸ್ತು ಅನ್ನೋರಿಗೆ ಅದು ಗೊತ್ತಾಗತ್ತೇನೇ?"

ಅವಳೇ ಕಾರ್ಡನ್ನು ಜೋರಾಗಿ ಓದಿದಳು. ಬಿಡ್ತು ಅನ್ನು ಎಂದೆ. ಕಣ್ಣು ತಿರುಗಿಸಿಕೊಂಡು "ಬಿಡ್ತು, ಬಿಡ್ತು, ಹ್ಯಾಪಿ?" ಎಂದಳು.

ಕೊನೆಗೆ ಒಂದು ಒಪ್ಪಂದವಾಯಿತು. ಪಾತ್ರ ಮಾಡುತ್ತೇನೆ, ಆ ಮಾತು ಮಾತ್ರ ಆಡುವುದಿಲ್ಲ. ಹಾಗಾಗಿ ನಾನು ಸುತ್ತಿಬಳಸಿ ಮಾತಾಡಿದೆ. ಮನೆಯವರು ಅರ್ಧ ಚಪಾತಿ ತಟ್ಟೆಯಲ್ಲೇ ಬಿಡುತ್ತಾರೆ, ಟಿವಿ ರಿಮೋಟಿಗೆ ಜಗಳಾಡುವುದನ್ನೂ ಬಿಟ್ಟಿದ್ದಾರೆ ಎಂದೆ. ಅವಳು ನಡುವೆಯೇ ಬಾಯಿ ಹಾಕಿ, ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ ಎಂದಳು. ಏನಿಲ್ಲಮ್ಮ, ಎಲ್ಲಾ ಚೆನ್ನಾಗಿದೆ ಎಂದು ನಾನು ಸುಮ್ಮನಾದೆ. ಕಾರ್ಡನ್ನು ಸೋಫಾದ ಮೇಲೆ ಎಸೆದು ಎದ್ದು ಹೋದಳು. ಮರುದಿನ ಅಪ್ಪನನ್ನು ಕೂರಿಸಿ ನೋಡಿದಳು. ಅವರು ಶುಗರ್, ಬಿಪಿ, ಮಂಡಿನೋವು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಸೀಟು ಕೊಟ್ಟೆ, ಹೋಗಮ್ಮ ಎಂದುಬಿಟ್ಟರು. ಮತ್ತೆ ನಾನೇ ಗತಿ.

ಎರಡು ವಾರ ಸಂಜೆಸಂಜೆ ಹೀಗೇ ನಡೆಯಿತು. ಒಂದು ಸಂಜೆ ನಾನು ಮನೆಯವರು ಕುಡಿಯದೆ ತಣ್ಣಗಾದ ಕಾಫಿಯ ಸುದ್ದಿ ಹೇಳಿ ನಿಲ್ಲಿಸಿದೆ. ಈ ಸಲ ಅವಳು ನಡುವೆ ಬಾಯಿ ಹಾಕಲಿಲ್ಲ. ಸುಮ್ಮನೆ ನನ್ನ ಮುಖ ನೋಡುತ್ತಾ ಕೂತಿದ್ದಳು. ಆಮೇಲೆ ಮೆಲ್ಲಗೆ, ತನ್ನ ಮುರುಕು ಕನ್ನಡದಲ್ಲಿ ಕೇಳಿದಳು: "ನಿಮಗೆ ಯಾವುದು ಹೆದರಿಕೆ?"

ನಟನೆ ಎಂಬುದು ಮರೆತೇಹೋಯಿತು. ನನ್ನ ಕಣ್ಣು ತುಂಬಿತು. ನಾಳೆ ಇನ್ನೊಂದು ಸಲ ಮಾಡೋಣವೇ ಎಂದಳು.

ಇಂಟರ್ವ್ಯೂ ದಿನ ರೈಲು ಸರಿಯಾದ ಹೊತ್ತಿಗೆ ಬಂತು, ಮಳೆ ಬಿಡುವು ಕೊಟ್ಟಿತ್ತು, ಕಾಲೇಜಿನ ಗೇಟಿನ ಎದುರಿಗೇ ನನಗೆ ಕೂರಲು ಬೆಂಚು ಸಿಕ್ಕಿತು. ಅಷ್ಟಕ್ಕೂ ಭಗವಂತನಿಗೆ ಕೈಮುಗಿದೆ. ಒಳಗೆ ಕೇಳಿದ್ದನ್ನು ಹೊರಗೆ ಹೇಳಬಾರದೆಂಬ ನಿಯಮ. ಅದಕ್ಕೇ ಮುಗಿಸಿ ಹೊರಗೆ ಬಂದವಳು ಇಷ್ಟೇ ಹೇಳಿದಳು: "ಆ್ಯಕ್ಟ್ ಮಾಡಿದವರೂ ನಿನ್ನ ಥರಾನೇ, ಅಮ್ಮ. ಹೇಳಲೇ ಇಲ್ಲ."

"ಮತ್ತೆ ನೀನೇನು ಮಾಡಿದೆ?"

"ಐ ವೇಟೆಡ್."

ವಸಂತದಲ್ಲಿ ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಅವಳು ಫೋನ್ ಹಿಡಿದು ಅಡುಗೆಮನೆಗೆ ಬಂದು, ಅಮ್ಮ, ಮೊದಲು ಸ್ಟವ್ ಆಫ್ ಮಾಡು ಎಂದಳು. ಸೀಟು ಸಿಕ್ಕಿತ್ತು. ಡಿಗ್ರಿಯಲ್ಲಿ ಅವರು ಕೇಳಿದ ದರ್ಜೆಯೂ ಬೇಸಿಗೆಯಲ್ಲಿ ಬಂತು. ಇವರು ಇಡೀ ಕಾರ್ಗೋ ಶೆಡ್ಡಿಗೆ ಮೈಸೂರು ಪಾಕ್ ಹಂಚಿದರು. ಕಟ್ಟಿಕೊಟ್ಟವಳು ನಾನೇ.

ನನ್ನ ಕೆಲಸ ಕಲಿಸಿದ್ದು ಇಷ್ಟು. ಬಡಿಸುವಾಗ ಎಲ್ಲರೂ ಸಾಕು ಎನ್ನುತ್ತಾರೆ. ಯಾವುದು ಹೊಟ್ಟೆ ತುಂಬಿದ ಸಾಕು, ಯಾವುದು ಸಂಕೋಚದ ಸಾಕು ಎಂದು ಸೌಟು ಹಿಡಿದು ಒಂದು ಗಳಿಗೆ ನಿಂತವರಿಗೆ ಮಾತ್ರ ತಿಳಿಯುತ್ತದೆ. ಈಗ ಡಾಕ್ಟರ್ ಓದಿನ ಭಾಗವಾಗಿ ವಾರ್ಡಿನಲ್ಲಿ ರೋಗಿಯ ಹಾಸಿಗೆಯ ಪಕ್ಕ ಹಾಗೆ ನಿಲ್ಲುವವಳು ನನ್ನ ಮಗಳು.