ಹನುಮಯ್ಯನವರ ಬಲಭುಜ

ತಣಿಸಂದ್ರದ ಹನುಮಯ್ಯನವರ ಬಲಭುಜ ಬಿಗಿದು, ಡಾಕ್ಟರು ಅದಕ್ಕೆ ಫ್ರೋಜನ್ ಶೋಲ್ಡರ್ ಎಂದು ಹೆಸರಿಟ್ಟು ಎಂಟು ತಿಂಗಳಾಯಿತು. ಅಂದಿನಿಂದ ಅವರು ಕಂಡಕಂಡವರನ್ನೆಲ್ಲ ನಿಲ್ಲಿಸಿ ಚಿಕಿತ್ಸೆಗಳನ್ನು ತೂಗಿ ನೋಡುತ್ತಾರೆ. ಎಳನೀರಿನವನು ಎಣ್ಣೆ ಹಚ್ಚಿ ನೀವಿಸಿಕೊಳ್ಳಿ ಎಂದರೆ, "ಎಣ್ಣೆ ಚರ್ಮದ ಮೇಲೇ ನಿಂತೋಯ್ತದೆ, ಒಳಕ್ಕೆಲ್ಲಿ ಓಯ್ತದೆ?" ಇಂಜೆಕ್ಷನ್ ಎಂದರೆ, "ನಂಗೆ ಶುಗರ್ ಐತೆ, ಏರ್ಬಿಡ್ತದೆ." ಆಪರೇಷನ್ ಎಂದರೆ ಎದ್ದು ಹೊರಟೇಬಿಡುತ್ತಾರೆ. ಸುತ್ತಿ ಬಳಸಿ ಕೊನೆಗೆ ಫಿಸಿಯೋಥೆರಪಿಗೇ ಬರುತ್ತಾರೆ: "ನಿಧಾನ, ಆದ್ರೂ ಅದೇ ವಾಸಿ ಕಣ್ರೀ. ಒಂದೇ ತೊಂದ್ರೆ, ಕೈ ಎತ್ತಿಸೋಕೆ ಇನ್ನೊಬ್ರು ಬೇಕು." ಆ ಇನ್ನೊಬ್ಬರು ತಮ್ಮ ಲಕ್ಕಣ್ಣ. ಜಮೀನು ಭಾಗವಾದಾಗ ನಡುವೆ ಗೋಡೆ ಎಬ್ಬಿಸಿ ಆರು ವರ್ಷ ಮಾತು ಬಿಟ್ಟಿದ್ದವನು, ಅಣ್ಣನಿಗೆ ಅಂಗಿ ಹಾಕಿಕೊಳ್ಳಲೂ ಆಗುತ್ತಿಲ್ಲವೆಂದು ಕೇಳಿ ಬಂದ; ಈಗ ದಿನಾ ಬೆಳಿಗ್ಗೆ ಅಣ್ಣನ ಕೈಯನ್ನು ಹತ್ತು ಸಲ ಮೇಲಕ್ಕೆತ್ತಿಸಿ, ಕಾಫಿ ಕುಡಿದು ಹೋಗುತ್ತಾನೆ. ಮೊನ್ನೆ ಹನುಮಯ್ಯ ಅದೇ ಬಲಗೈಯನ್ನು ತಲೆಯ ಮೇಲಕ್ಕೆ ಚಾಚಿ ಸೀಬೆಹಣ್ಣು ಕೀಳುತ್ತಿದ್ದಾಗ ಗೇಟಿನ ಸದ್ದಾಯಿತು. ಹಣ್ಣು ಎಡಗೈಗೆ ಬಂತು, ಬಲಗೈ ಜೋತುಬಿತ್ತು. "ಇವತ್ತೂ ಅಷ್ಟೇ ಕಣೋ ಲಕ್ಕ, ಒಂಚೂರೂ ಏಳ್ತಾ ಇಲ್ಲ." ಲಕ್ಕಣ್ಣ ಹಣ್ಣನ್ನು ನೋಡಿದ, ಇನ್ನೂ ಅಲ್ಲಾಡುತ್ತಿದ್ದ ಕೊಂಬೆಯನ್ನು ನೋಡಿದ, ಆಮೇಲೆ ಅಣ್ಣನ ಕೈ ಹಿಡಿದು ಎಣಿಸತೊಡಗಿದ: "ಒಂದು."